ಕಾರಿನವರು ಒಳ್ಳೆಯವರೇ ಇರಬಹುದು, ಆದರೂ ಕಂಪ್ಲೇಂಟ್ ಕೊಡಿ

ಕಾರು ಗುದ್ದಿ ಕಾಲು ಮುರಿದು ಮೂರು ವಾರ ಆಗಿದೆ, ಕಾರಿನವರು ಒಳ್ಳೆಯವರು, 70 ಸಾವಿರ ಕೊಡ್ತೀವಿ ಅಂತಿದ್ದಾರೆ, ಇಸ್ಕೊಂಡು ಸುಮ್ಮನಾಗಲಾ ಇಲ್ಲ ಕೇಸ್ ಹಾಕಿ ಅವರ ದ್ವೇಷ ಕಟ್ಟಿಕೊಳ್ಳಲಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ 2018ರಲ್ಲಿ ಇದೇ ಮಾತು ನಡೆದಿತ್ತು.

ನಾನು ತಿಪಟೂರು ಕಡೆಯವನು. ಟೈಲರ್. ಅಂಗಡಿ ಮುಚ್ಚಿ ಬೈಕಿನಲ್ಲಿ ಊರಿಗೆ ಹೊರಟಿದ್ದೆ. ಬಿ.ಎಚ್. ರಸ್ತೆಯಲ್ಲಿ ಎದುರಿನಿಂದ ಬಂದ ಕಾರು ಲಾರಿ ಓವರ್‌ಟೇಕ್ ಮಾಡಲು ಹೋಗಿ ನನಗೆ ಗುದ್ದಿತು. ಬಲಗಾಲು, ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದವು. ಕಾರಿನವರು ಓಡಿಹೋಗಲಿಲ್ಲ. ಅವರೇ ಎತ್ತಿ ಮಲಗಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ತಂದರು. ನಮ್ಮ ಭಾವ ಅಲ್ಲಿಗೇ ಬಂದರು.

ಏನಾಯಿತು ಅಂತ ನರ್ಸ್ ಕೇಳಿದಾಗ ಭಾವ ‘ಬೈಕಿನಿಂದ ಬಿದ್ದ’ ಅಂದರು. ಕಾರು ಅಂದರೆ ಪೊಲೀಸರು ಬರಬೇಕು, ಅವರು ಬರುವವರೆಗೆ ಡಾಕ್ಟರು ಕೈ ಇಡಲ್ಲ ಅನ್ನುವ ಭಯ ಅವರಿಗೆ. ಪಕ್ಕದಲ್ಲೇ ಕಾರಿನವರು ‘ಖರ್ಚೆಲ್ಲ ನಮ್ದೇ ಅಣ್ಣಾ, ಕೇಸ್ ಮಾತ್ರ ಬೇಡ’ ಅಂತ ಕೈ ಮುಗಿಯುತ್ತಿದ್ದರು. ನರ್ಸ್ ಕೇಸ್ ಶೀಟಿನಲ್ಲಿ ‘ಸೆಲ್ಫ್ ಫಾಲ್’ ಅಂತ ಬರೆದರು. ಆ ಎರಡು ಪದ ನಮ್ಮನ್ನು ವರ್ಷಗಟ್ಟಲೆ ಸುತ್ತಿಸಿದವು.

ಆ ಭಯಕ್ಕೆ ಕಾರಣವೇ ಇರಲಿಲ್ಲ. ಪೊಲೀಸ್ ಪ್ರಕ್ರಿಯೆಗೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತ್ತು. ಈಗಂತೂ 2025ರಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ಅದರಲ್ಲಿ ಅಪಘಾತವಾದ ದಿನದಿಂದ 7 ದಿನಗಳವರೆಗೆ 1.5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಇದು ನಮ್ಮ ಭಾವನಿಗೆ ಗೊತ್ತಿರಲಿಲ್ಲ. ಈಗಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮೊದಲ ಆಪರೇಷನ್ನಿಗೆ ಕಾರಿನವರು ದುಡ್ಡು ಕೊಟ್ಟರು. ನಿಜವಾಗಿಯೂ ಕೊಟ್ಟರು. ಆದರೆ ಮೂಳೆ ಕೂಡಲಿಲ್ಲ. ತುಮಕೂರಿಗೆ ಹೋಗಿ ಇನ್ನೊಂದು ಆಪರೇಷನ್ ಆಗಬೇಕು ಅಂದಾಗ ಫೋನ್ ಎತ್ತುವುದು ನಿಲ್ಲಿಸಿದರು. ಅವರನ್ನು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರ ಕೈಯಲ್ಲಿ ಅಷ್ಟೇ ಆಗುತ್ತಿತ್ತು. ನಾವು ಠಾಣೆಗೆ ಹೋಗಿ ಕಂಪ್ಲೇಂಟ್ ಕೊಡುವ ಹೊತ್ತಿಗೆ ತಿಂಗಳು ದಾಟಿತ್ತು.

ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕಿದೆವು. ಕೋರ್ಟಿನಲ್ಲಿ ಆ ಕಾರಿನ ವಿಮಾ ಕಂಪನಿಯ ವಕೀಲರು ಕೂಗಾಡಲಿಲ್ಲ, ಸುತ್ತಿ ಬಳಸಿ ಕೇಳಲೂ ಇಲ್ಲ. ಕೇಸ್ ಶೀಟ್ ಕೈಯಲ್ಲಿ ಹಿಡಿದು, ‘ಆವತ್ತು ರಾತ್ರಿ ಬಿದ್ದೆ ಅಂದಿರಿ, ತಿಂಗಳಾದ ಮೇಲೆ ಕಾರು ಗುದ್ದಿತು ಅಂತೀರಿ, ಯಾವುದು ನಿಜ?’ ಅಂದರು. ವಿಮೆ ಇರುವ ಕಾರನ್ನು ಆಮೇಲೆ ತಂದು ಸೇರಿಸಿದ್ದಾರೆ ಅನ್ನುವುದು ಅವರ ವಾದ. ಹಾಗೆ ಸುಳ್ಳು ಕೇಸ್ ಮಾಡುವವರು ಇದ್ದಾರೆ, ಅದಕ್ಕೇ ನ್ಯಾಯಾಧೀಶರು ಇಂಥದ್ದನ್ನು ಅನುಮಾನದಿಂದಲೇ ನೋಡುತ್ತಾರೆ. ಯೋಚನೆ ಮಾಡಿ, ಪರಿಹಾರದ ಆಸೆ ಇನ್ನೂ ಯಾರ ತಲೆಗೂ ಬಂದಿರದ ಹೊತ್ತಿನಲ್ಲಿ, ಯಾರ ಪರವೂ ಅಲ್ಲದ ನರ್ಸ್ ಬರೆದ ಮಾತು ಅದು. ಆಮೇಲೆ ಹುಟ್ಟಿದ ಎಫ್‌ಐಆರ್, ಮಹಜರು, ಚಾರ್ಜ್‌ಶೀಟ್ ಎಲ್ಲ ಅದರ ಮುಂದೆ ತೂಕ ಕಳೆದುಕೊಳ್ಳುತ್ತವೆ. ಕಾರಿಗೆ ತಾಗಿದ ಗುರುತು ಇತ್ತಾ ಅಂದರೆ, ಕಂಪ್ಲೇಂಟ್ ಕೊಡುವಷ್ಟರಲ್ಲಿ ಅವರು ಬಂಪರ್ ರಿಪೇರಿ ಮಾಡಿಸಿಯಾಗಿತ್ತು. ಆರ್‌ಟಿಒ ಕಡೆಯ ಇನ್‌ಸ್ಪೆಕ್ಟರ್ ವಾಹನ ನೋಡಿ ವರದಿ ಕೊಡುತ್ತಾರೆ. ಅದರಲ್ಲಿ ಡ್ಯಾಮೇಜ್ ಇಲ್ಲ ಅಂತ ಬಂತು. ಲಾರಿಯವನು ಯಾರು ಅಂತಲೇ ಗೊತ್ತಿಲ್ಲ. ಅಪಘಾತ ಆ ಕಾರಿನಿಂದಲೇ ಆಯಿತು ಅನ್ನುವುದಕ್ಕೆ ಸಾಕ್ಷಿ ಸಾಲದು ಅಂತ ಅರ್ಜಿ ವಜಾ ಆಯಿತು.

ಹೈಕೋರ್ಟಿನಲ್ಲಿ ನಮ್ಮನ್ನು ಉಳಿಸಿದ್ದು ಎರಡು. ತುಮಕೂರಿನ ಡಾಕ್ಟರು ಕಾರು ಗುದ್ದಿದ್ದು ಅಂತ ಸರಿಯಾಗಿ ಬರೆದುಕೊಂಡಿದ್ದರು, ಅದೂ ಕಂಪ್ಲೇಂಟ್ ಕೊಡುವುದಕ್ಕಿಂತ ಮೊದಲು. ಮತ್ತೆ ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದ. ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಪರಿಹಾರ ತಪ್ಪಿಸಬಾರದು ಅಂತ 2011ರ ರವಿ ವಿರುದ್ಧ ಬದ್ರಿನಾರಾಯಣ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ವಕೀಲರು ಅದನ್ನೇ ಮುಂದಿಟ್ಟರು. ಪರಿಹಾರ ಬಂತು. ಆದರೆ ಅಪೀಲಿಗೆ 90 ದಿನ ಇರುತ್ತದೆ, ನಮ್ಮದು ಅದನ್ನು ಮೀರಿತ್ತು. ಮೀರಿದಷ್ಟು ದಿನದ ಬಡ್ಡಿ ಸಿಗಲಿಲ್ಲ. ಅಷ್ಟರಲ್ಲಿ ಅಂಗಡಿಯೂ ಕೈಬಿಟ್ಟಿತ್ತು.

ಈಗ ನಿಮ್ಮ ಪ್ರಶ್ನೆಗೆ. ಕೇಸ್ ಹಾಕಿದರೆ ಕಾರಿನವರ ದ್ವೇಷ ಅಂದಿರಲ್ಲ, ಅದೇ ತಪ್ಪು ಲೆಕ್ಕ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸುವ ಹಾಗೇ ಇಲ್ಲ. ಆ ವಿಮೆ ಇರುವುದೇ ನಿಮ್ಮಂಥವರಿಗೆ. ಪ್ರತಿ ವರ್ಷ ಕಂತು ಕಟ್ಟಿರುವುದು ಅವರು, ಪರಿಹಾರ ಕೊಡಬೇಕಾದ್ದು ಕಂಪನಿ. ವಿಮೆ, ಲೈಸೆನ್ಸ್ ಸರಿಯಾಗಿದ್ದರೆ ಅವರ ಜೇಬಿನಿಂದ ಸಾಮಾನ್ಯವಾಗಿ ಏನೂ ಹೋಗುವುದಿಲ್ಲ. ಡ್ರೈವರ್ ಮೇಲೆ ಕ್ರಿಮಿನಲ್ ಕೇಸ್ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಅಷ್ಟು ಒಳ್ಳೆಯವರಾಗಿದ್ದರೆ, ನಿಮ್ಮ ಕಾಲಿನ ಮುಂದೆ ಆ ತೊಂದರೆ ದೊಡ್ಡದಲ್ಲ ಅಂತ ಅವರಿಗೂ ಅರ್ಥವಾಗಬೇಕು, ಅಲ್ವಾ?

ಇನ್ನು ಆ 70 ಸಾವಿರ. ಲೆಕ್ಕ ಹಾಕಿ ನೋಡಿ. ನಿಮಗೆ 34 ವರ್ಷ, ತಿಂಗಳ ದುಡಿಮೆ 12 ಸಾವಿರ ಅಂದುಕೊಳ್ಳೋಣ. ವರ್ಷಕ್ಕೆ 1,44,000. ಪರಿಹಾರದ ಲೆಕ್ಕಕ್ಕೆ ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35ರ ವಯಸ್ಸಿಗೆ ಮಲ್ಟಿಪ್ಲೈಯರ್, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, 16. ದುಡಿಯುವ ಶಕ್ತಿ ಶೇ 12 ಹೋಗಿದೆ ಅಂದರೂ 2,76,480 ರೂಪಾಯಿ ಆಗುತ್ತದೆ. ಆಸ್ಪತ್ರೆ ಬಿಲ್ಲು, ನೋವು, ಮನೆಯಲ್ಲಿ ಕೂತ ತಿಂಗಳುಗಳ ಸಂಬಳ ಇದರಲ್ಲಿ ಸೇರಿಲ್ಲ.

ಆ ಶೇಕಡಾ ವಿಷಯದಲ್ಲಿ ಹಟ ಹಿಡಿಯಿರಿ. ಡಾಕ್ಟರು ನನ್ನ ಕಾಲಿಗೆ ಶೇ 36, ಇಡೀ ದೇಹಕ್ಕೆ ಶೇ 12 ಅಂತ ಕೊಟ್ಟಿದ್ದರು. ಆದರೆ ನಾನು ಕಾಲಲ್ಲಿ ತುಳಿದು ಮಿಷನ್ ಹೊಲಿಯುವವನು. ದೇಹದ ಅಂಗವೈಕಲ್ಯ ಬೇರೆ, ದುಡಿಮೆಗೆ ಬಿದ್ದ ಪೆಟ್ಟು ಬೇರೆ ಅಂತ 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಬಿಡಿಸಿ ಹೇಳಿದೆ. ನಮಗೆ ಶೇಕಡಾ ಜಾಸ್ತಿ ಆಗಿದ್ದು ಅದರಿಂದಲೇ. ನೀವು ಕೂತು ಕೆಲಸ ಮಾಡುವವರಾ, ನಿಂತು ಮಾಡುವವರಾ, ಭಾರ ಹೊರುವವರಾ ಅನ್ನುವುದನ್ನು ಅರ್ಜಿಯಲ್ಲೇ ಬರೆಸಿ.

ನಾಳೆಯೇ ಠಾಣೆಗೆ ಹೋಗಿ. ತಡ ಯಾಕಾಯಿತು ಅಂತ ಕಂಪ್ಲೇಂಟಿನಲ್ಲೇ ಬರೆಯಿರಿ, ಕಾರಿನವರು ರಾಜಿ ಮಾತಾಡುತ್ತಿದ್ದರು ಅನ್ನುವುದನ್ನೂ ಸೇರಿಸಿ. ಅವರ ಜೊತೆಗಿನ ವಾಟ್ಸಾಪ್ ಮೆಸೇಜ್ ಅಳಿಸಬೇಡಿ. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಬೇಕು ಅನ್ನುವ ನಿಯಮ ಮತ್ತೆ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದಾರೆ, ಆದರೆ ಆ ಭರವಸೆಯಲ್ಲಿ ಕೂರಬೇಡಿ. ಅಪಘಾತವಾದ ಊರಲ್ಲೇ ಹಾಕಬೇಕು ಅಂತಿಲ್ಲ, ನೀವಿರುವ ಊರಿನ ಕೋರ್ಟಿನಲ್ಲೂ ಹಾಕಬಹುದು. ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ನನಗೆ ಅನ್ನುವ ವಕೀಲರ ಹತ್ತಿರ ಹೋಗಲೇಬೇಡಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಕಾರಿನವರು ಚಿಕಿತ್ಸೆಗೆ ಅಂತ ಕೊಟ್ಟರೆ ತೆಗೆದುಕೊಳ್ಳಿ, ಕೋರ್ಟಿನಲ್ಲೂ ಅದನ್ನು ಮುಚ್ಚಿಡಬೇಡಿ. ‘ಪೂರ್ತಿ ತೀರಿತು’ ಅನ್ನುವ ಛಾಪಾ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. ರಾಜಿ ಬೇಕಿದ್ದರೆ ಆಮೇಲೆ ಲೋಕ ಅದಾಲತ್‌ನಲ್ಲಿ ಕಂಪನಿ ಜೊತೆಯೇ ಮಾಡಿಕೊಳ್ಳಬಹುದು. ಅಲ್ಲಿ ಆದ ರಾಜಿಗೆ ಅಪೀಲು ಇಲ್ಲ, ಹಾಗಾಗಿ ಕಾಲು ಎಷ್ಟು ಸರಿಹೋಗುತ್ತದೆ ಅಂತ ಗೊತ್ತಾಗುವ ಮೊದಲು ಬೇಡ.

ಇದಕ್ಕೆಲ್ಲ ಮೊದಲು ಆಸ್ಪತ್ರೆಗೆ ಒಂದು ಅರ್ಜಿ ಕೊಟ್ಟು ಕೇಸ್ ಶೀಟಿನ ಪ್ರತಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಿಯಮಗಳಲ್ಲೇ ಇದೆ. ಮೊದಲ ಪುಟದಲ್ಲಿ ‘ಬಿದ್ದು ಪೆಟ್ಟಾಗಿದೆ’ ಅಂತಿದ್ದರೆ ತಿದ್ದಿಸಲು ಹೋಗಬೇಡಿ, ತಿದ್ದಿದರೆ ಇನ್ನೂ ಕೆಡುತ್ತದೆ. ಈಗ ನೋಡುತ್ತಿರುವ ಡಾಕ್ಟರಿಗೆ ನಡೆದದ್ದನ್ನು ಹೇಳಿ, ಅದನ್ನು ಇಂದಿನ ತಾರೀಖಿನಲ್ಲಿ ಬರೆದುಕೊಳ್ಳಲಿ. ಅಲ್ಲಿ ಏನಿದೆ ಅಂತ ನೋಡಿ ಇಲ್ಲಿ ಹೇಳಿ, ಕಂಪ್ಲೇಂಟ್ ಹೇಗೆ ಬರೆಯಬೇಕು ಅಂತ ನನಗೆ ಗೊತ್ತಿರುವಷ್ಟು ತಿಳಿಸುತ್ತೇನೆ.