ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಲು ಹೋದರೆ ಸೋಪಾಗುತ್ತಿದೆ. ಕಾಸ್ಟಿಕ್ ಸೋಡಾ ಇನ್ನೂ ಜಾಸ್ತಿ ಹಾಕಬೇಕಾ?

ಬೇಡ, ದಯವಿಟ್ಟು ಹಾಕಬೇಡಿ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟಿಗೆ ಗಾಣದಿಂದ 5 ಲೀಟರ್ ಹೊಂಗೆ ಎಣ್ಣೆ ತಂದಿದ್ದೆ. ಮೊದಲ ಲೀಟರ್ ಬೆಳಗಾಗುವಷ್ಟರಲ್ಲಿ ಅಂಬಲಿಯ ಹಾಗಾಗಿತ್ತು. ಕ್ಯಾಟಲಿಸ್ಟ್, ಅಂದರೆ ಕ್ರಿಯೆಯನ್ನು ಬೇಗ ಮಾಡಿಸುವ ಕಾಸ್ಟಿಕ್ ಸೋಡಾ, ಕಮ್ಮಿಯಾಯ್ತೇನೋ ಎಂದು ಎರಡನೆಯದಕ್ಕೆ ಇನ್ನಷ್ಟು ಹಾಕಿದೆ. ಅದು ಮುದ್ದೆಯೇ ಆಯಿತು. ಪಾತ್ರೆ ತೊಳೆಯುವಾಗ ನೊರೆ ಮಾತ್ರ ಚೆನ್ನಾಗಿ ಬಂತು!

ತೊಂದರೆ ಇರುವುದು ಎಣ್ಣೆಯಲ್ಲಿ. ಎಣ್ಣೆಯ ಒಂದು ಅಣು ಎಂದರೆ ಗ್ಲಿಸರಿನ್‌ಗೆ ಅಂಟಿದ ಮೂರು ಕೊಬ್ಬಿನ ಆಮ್ಲಗಳು. ಮೆಥನಾಲ್ ಎಂಬ ಆಲ್ಕೋಹಾಲ್ ಅವನ್ನು ಬಿಡಿಸಿ ತಾನು ಸೇರಿಕೊಂಡರೆ ಅದೇ ಬಯೋಡೀಸೆಲ್. ಈ ಅದಲುಬದಲನ್ನು ಬೇಗ ಮಾಡಿಸುವುದಷ್ಟೇ ಸೋಡಾದ ಕೆಲಸ. ಆದರೆ ಹಳೇ ಬೀಜ, ತೇವ ಹಿಡಿದ ಬೀಜದ ಎಣ್ಣೆಯಲ್ಲಿ ಆಮ್ಲಗಳು ಆಗಲೇ ಕಳಚಿಕೊಂಡಿರುತ್ತವೆ. ಸೋಡಾ ಮೊದಲು ಹಿಡಿಯುವುದು ಅವನ್ನೇ. ಆಗ ಆಗುವುದು ಸೋಪು. ನೀವು ಸುರಿದಷ್ಟೂ ಸೋಪು.

ಮೊದಲು ಎಣ್ಣೆಯನ್ನು 110 ಡಿಗ್ರಿಗೆ ಕಾಯಿಸಿ ನೀರಿನಂಶ ಓಡಿಸಿ, ಆರಿಸಿ. ಆಮೇಲೆ ಈ ಪರೀಕ್ಷೆ ಮಾಡಿ. 1 ಮಿ.ಲೀ. ಎಣ್ಣೆಯನ್ನು 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ, ಬಣ್ಣ ಬದಲಿಸಿ ತೋರಿಸುವ ಫೀನಾಲ್ಫ್ಥಲೀನ್ ಎರಡು ಹನಿ ಹಾಕಿ. ಲೀಟರ್ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಬೆರೆಸಿದ ದ್ರಾವಣವನ್ನು ಹನಿಹನಿಯಾಗಿ ಬಿಡಿ. ತಿಳಿಗುಲಾಬಿ ಬಣ್ಣ ನಿಂತಾಗ ಎಷ್ಟು ಮಿ.ಲೀ. ಹೋಯಿತು ನೋಡಿ. ಸುಮಾರು 3ರೊಳಗಿದ್ದರೆ ನೇರವಾಗಿ ಮಾಡಬಹುದು: ಲೀಟರ್ ಎಣ್ಣೆಗೆ 3.5 ಗ್ರಾಂ ಸೋಡಾ, ಜೊತೆಗೆ ಹೋದ ಮಿ.ಲೀ.ಗೆ ಒಂದೊಂದು ಗ್ರಾಂ. ನನ್ನ ಎಣ್ಣೆ 12 ದಾಟಿತ್ತು. ಗೋಣಿಚೀಲದಲ್ಲಿ ಒಂದು ಮಳೆಗಾಲ ಕಳೆದ ಬೀಜವಂತೆ, ಗಾಣದವರು ಆಮೇಲೆ ಹೇಳಿದರು.

ಅಂಥ ಎಣ್ಣೆಗೆ ಎರಡು ಹಂತ ಬೇಕು. ಮೊದಲು ಮೆಥನಾಲ್ ಜೊತೆ ಎಣ್ಣೆಯ ತೂಕದ ಸುಮಾರು ಶೇ. 1ರಷ್ಟು ಸಲ್ಫ್ಯೂರಿಕ್ ಆಮ್ಲ ಸೇರಿಸಿ 60 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಲಕಿ. ಕಳಚಿಕೊಂಡ ಆಮ್ಲಗಳೂ ಬಯೋಡೀಸೆಲ್ ಆಗುತ್ತವೆ. ರಾತ್ರಿಯಿಡೀ ಬಿಟ್ಟರೆ ನೀರು, ಮೆಥನಾಲ್ ಪದರ ಮೇಲೆ ಬರುತ್ತದೆ, ತೆಗೆದುಬಿಡಿ. ಮತ್ತೆ ಪರೀಕ್ಷಿಸಿ, ಆಮೇಲೆ ಎರಡನೇ ಹಂತ: ಮೆಥನಾಲ್ ಜೊತೆ ಸೋಡಾ. ಎರಡನೇ ಹಂತದ ಮರುದಿನ ಕಷಾಯದ ಬಣ್ಣದ ಗ್ಲಿಸರಿನ್ ತಳದಲ್ಲಿ ಕೂತಿರುತ್ತದೆ, ಮೇಲೆ ತಿಳಿಯಾದ ಬಯೋಡೀಸೆಲ್. ಅದನ್ನು ನೀರಿನಲ್ಲಿ ತೊಳೆಯುವಾಗ ಜೋರಾಗಿ ಕುಲುಕಬೇಡಿ, ಮಜ್ಜಿಗೆಯಾಗುತ್ತದೆ.

ಮೊಟ್ಟೆ ಚಿಪ್ಪು ಸುಟ್ಟು ಕ್ಯಾಟಲಿಸ್ಟ್ ಮಾಡುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಸುಳ್ಳೇನಲ್ಲ, ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಣ್ಣವಾಗುತ್ತದೆ, ಸೋಸಿ ತೆಗೆಯಲೂ ಸುಲಭ. ಆದರೆ ಆಮ್ಲ ಕಳಚಿಕೊಂಡ ಇಂಥ ಹುಳಿ ಎಣ್ಣೆಯ ಮುಂದೆ ಅದೂ ಸೋಲುತ್ತದೆ.

ಮೆಥನಾಲನ್ನು ಗ್ಯಾಸ್ ಒಲೆ ಹತ್ತಿರ ಒಯ್ಯಲೇಬೇಡಿ. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆವಿ ಕುಡಿಯಬೇಡಿ, ಕೈಗವಸು ಹಾಕಿಕೊಳ್ಳಿ. ನಿಮ್ಮ ಎಣ್ಣೆ ಎಷ್ಟು ಮಿ.ಲೀ. ತೋರಿಸಿತು, ಇಲ್ಲೇ ಬರೆಯಿರಿ. ಮೆಥನಾಲ್ ಲೆಕ್ಕ ಒಟ್ಟಿಗೆ ಹಾಕೋಣ.