ಕಚೇರಿ, ತೋಟದ ದಾರಿ, ಘಾಟಿ ಪ್ರವಾಸ ಎಲ್ಲಕ್ಕೂ ಒಂದೇ ಸ್ಟೀಲ್ ಗ್ರಾವೆಲ್ ಸೈಕಲ್: ಯಾವ ಬಿಡಿಭಾಗ ಹಾಕಿಸಲಿ?

ಬೇಕಾದ ವಿವರವೆಲ್ಲ ನಿಮ್ಮ ಪ್ರಶ್ನೆಯಲ್ಲೇ ಇದೆ. ಊರು ಹಾಸನ. ವಾರವಿಡೀ ಕಚೇರಿಗೆ, ಭಾನುವಾರ ಸಕಲೇಶಪುರದ ಆಚೆಯ ಕಾಫಿ ತೋಟಗಳ ಮಣ್ಣುದಾರಿಗೆ, ವರ್ಷಕ್ಕೊಮ್ಮೆ ಚೀಲ ಕಟ್ಟಿಕೊಂಡು ನಾಲ್ಕೈದು ದಿನ ಘಾಟಿ ಸುತ್ತಲು, ಆಗಾಗ 200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ. ಇಷ್ಟಕ್ಕೂ ಡಾಂಬರು, ಮಣ್ಣುದಾರಿ ಎರಡರಲ್ಲೂ ಓಡುವ ಒಂದೇ ಸ್ಟೀಲ್ ಗ್ರಾವೆಲ್ ಸೈಕಲ್ ಬೇಕು, ಅದನ್ನು ಬಿಡಿಬಿಡಿಯಾಗಿ ಆರಿಸಿ ಕಟ್ಟಿಸಬೇಕು. ಖಂಡಿತ ಆಗುತ್ತದೆ. ಮಲೆನಾಡಿನ ದಾರಿಗಳಲ್ಲಿ ನಾನು ಓಡಿಸುತ್ತಿರುವುದೂ ಹಾಗೆ ಕಟ್ಟಿಕೊಂಡ ಸೈಕಲ್ಲನ್ನೇ.

ನೀವು ಗೇರ್‌ಗಳಿಂದ ಲೆಕ್ಕ ಶುರು ಮಾಡಿದ್ದೀರಿ. ನನ್ನ ಕ್ರಮ ಬೇರೆ: ಆಮೇಲೆ ಬದಲಿಸಲಾಗದ್ದನ್ನು ಮೊದಲು ತೀರ್ಮಾನಿಸಿ. ಚೈನು, ಗೇರು, ಬ್ರೇಕು, ಹ್ಯಾಂಡಲ್, ಸೀಟು ಇವೆಲ್ಲ ಸವೆದಾಗ ಬದಲಾಗುವಂಥವು. ಫ್ರೇಮ್‌ನಲ್ಲಿ ಟೈರಿಗೆ ಬಿಟ್ಟ ಜಾಗ, ಅದರಲ್ಲಿರುವ ಬೋಲ್ಟ್ ತೂತುಗಳು, ಆಕ್ಸಲ್‌ನ ಅಳತೆ ಕೊಂಡ ದಿನ ಹೇಗಿದ್ದವೋ ಕೊನೆಯವರೆಗೂ ಹಾಗೇ ಇರುತ್ತವೆ.

ಮಾರುವವರು "45 ಮಿ.ಮೀ. ಟೈರ್ ಹಿಡಿಯುತ್ತದೆ" ಎಂದಾಗ, ಮಡ್‌ಗಾರ್ಡ್ ಹಾಕಿದ ಮೇಲೆ ಎಷ್ಟು ಎಂದು ಮರುಪ್ರಶ್ನೆ ಹಾಕಿ. ಜಾಹೀರಾತಿನ ಅಂಕಿ ಸಾಮಾನ್ಯವಾಗಿ ಮಡ್‌ಗಾರ್ಡ್ ಇಲ್ಲದ ಅಂಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವ ಸೀಮೆಯಲ್ಲಿ ದಿನವೂ ಕಚೇರಿಗೆ ಹೋಗುವವರಿಗೆ ಪೂರ್ಣ ಉದ್ದದ ಮಡ್‌ಗಾರ್ಡ್ ಬೇಕೇ ಬೇಕು. ಅದರೊಳಗೆ 40 ಮಿ.ಮೀ. ಟೈರ್ ಕೂತು, ಮೇಲೆ ಕೆಮ್ಮಣ್ಣು ಮೆತ್ತಿಕೊಂಡರೂ ಉಜ್ಜದಷ್ಟು ಸಂದು ಉಳಿಯಬೇಕು. ಈ ಒಂದು ಪರೀಕ್ಷೆಯಲ್ಲೇ ಅನೇಕ ಚೆಂದದ ಫ್ರೇಮ್‌ಗಳು ಸೋಲುತ್ತವೆ.

ತೂತುಗಳನ್ನೂ ನೋಡಿ. ಹಿಂಬದಿಯಲ್ಲಿ ಆಕ್ಸಲ್‌ನ ಬಳಿ ಪ್ರತಿ ಪಕ್ಕಕ್ಕೂ ಎಂ5 ಬೋಲ್ಟ್ ಹಿಡಿಯುವ ಎರಡೆರಡು ತೂತು ಇರಲಿ, ಒಂದು ಕ್ಯಾರಿಯರ್‌ಗೆ, ಇನ್ನೊಂದು ಮಡ್‌ಗಾರ್ಡ್‌ಗೆ. ಮುಂದಿನ ಫೋರ್ಕ್‌ನ ಎರಡೂ ಕಾಲುಗಳಲ್ಲಿ ಮೂರು ಮೂರು ತೂತಿದ್ದರೆ ಪ್ರವಾಸದ ಸಣ್ಣ ಚೀಲಗಳನ್ನು ಅಲ್ಲಿಗೇ ಬಿಗಿಯಬಹುದು. ಆಕ್ಸಲ್ ಮುಂದೆ 100×12, ಹಿಂದೆ 142×12 ಮಿ.ಮೀ. ಇರಲಿ. ಈ ಅಳತೆಯ ಚಕ್ರಗಳು ಹೆಚ್ಚು ಸಿಗುತ್ತವೆ. ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ ತಿರುಪಿ ಕೂರಿಸುವ, ಮರೆ (ಥ್ರೆಡ್) ಇರುವ ಬಿಎಸ್ಎ ಮಾದರಿಯದೇ ಇರಲಿ. ಒತ್ತಿ ಕೂರಿಸುವ ಪ್ರೆಸ್‌ಫಿಟ್ ಮಾದರಿ ಕೆಸರು ನೀರು ಕುಡಿದರೆ ಕಿರುಗುಟ್ಟಲು ಶುರು ಮಾಡುತ್ತದೆ. ಬಿಎಸ್ಎಯಲ್ಲಿ ಚೈನ್ ಇರುವ ಬಲಬದಿಯ ಮರೆ ಉಲ್ಟಾ ಎಂಬುದನ್ನು, ಬಿಚ್ಚುವ ಮೆಕ್ಯಾನಿಕ್ ಹೊಸಬರಾಗಿದ್ದರೆ ಮೊದಲೇ ಹೇಳಿಬಿಡಿ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಬಿಚ್ಚಲು ಬರುವಂಥದ್ದಾದರೆ ಫ್ರೇಮ್ ಜೊತೆಯಲ್ಲೇ ಇನ್ನೊಂದು ಕೊಳ್ಳಿ. ಫ್ರೇಮ್‌ನಿಂದ ಫ್ರೇಮ್‌ಗೆ ಅದರ ಆಕಾರ ಬೇರೆ. ಬಿಸಿಲೆಯ ಕಾಡಿನಲ್ಲಿ ಅದು ಮುರಿದರೆ ಸುಬ್ರಹ್ಮಣ್ಯದಲ್ಲಿ ಸಿಗುವ ವಸ್ತುವಲ್ಲ.

ಸ್ಟೀಲ್ ಬಗ್ಗೆ ಎರಡು ಮಾತು. ಹೈ-ಟೆನ್ (ಅಗ್ಗದ, ಭಾರದ ಸ್ಟೀಲ್) ಎಂದಿದ್ದರೆ ಬಿಡಿ, ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಸ್ಟೀಲ್) ತೆಗೆದುಕೊಳ್ಳಿ. ಅದರಲ್ಲಿ 4130 ಆಗಲಿ, ರೆನಾಲ್ಡ್ಸ್ 725 ಆಗಲಿ ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಫ್ರೇಮ್ ಎರಡು, ಎರಡೂವರೆ ಕೆ.ಜಿ. ತೂಗುತ್ತದೆ, ಇಡೀ ಸೈಕಲ್ 11–12 ಕೆ.ಜಿ.ಗೆ ನಿಲ್ಲುತ್ತದೆ. ಅದಕ್ಕಾಗಿ ಚಿಂತಿಸಬೇಡಿ. ಆದರೆ "ಸ್ಟೀಲ್ ಆದರೆ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ರಿಪೇರಿ ಆಗುತ್ತದೆ" ಎಂಬ ಮಾತನ್ನು ನಂಬಿ ಕೊಳ್ಳಬೇಡಿ. ಒಳ್ಳೆಯ ಕೊಳವೆಗಳು ತುದಿಯಲ್ಲಿ ದಪ್ಪ, ನಡುವೆ ಅರ್ಧ ಮಿ.ಮೀ. ಆಸುಪಾಸು. ಗೇಟು ಕಿಟಕಿ ಬೆಸೆಯುವ ಆರ್ಕ್ ವೆಲ್ಡಿಂಗ್ ಇಟ್ಟರೆ ತೂತು ಬೀಳುತ್ತದೆ. ತೆಳುಗೊಳವೆಗೆ ಹಿತ್ತಾಳೆ ಬೆಸುಗೆಯನ್ನೋ ಟಿಗ್ ವೆಲ್ಡಿಂಗನ್ನೋ ಮಾಡಿ ಪಳಗಿದ ಕೈ ಬೇಕು. ಸ್ಟೀಲಿನ ನಿಜವಾದ ಗುಣ ಬೇರೆ: ಬಿದ್ದಾಗ ಹೊಡೆತ ತಾಳಿಕೊಳ್ಳುತ್ತದೆ, ಬಿರುಕು ಬಿಟ್ಟರೂ ಬಹುಮಟ್ಟಿಗೆ ಕಣ್ಣಿಗೆ ಕಂಡು ಎಚ್ಚರಿಸುತ್ತದೆ.

ಹಾಗೆಯೇ, ಸವಾರಿ ಮೆತ್ತಗಿರಲು ಫ್ರೇಮ್‌ಗಿಂತ ಟೈರ್ ಬಹಳ ಹೆಚ್ಚು ಕೆಲಸ ಮಾಡುತ್ತದೆ. ಹಣ ಉಳಿಸಲೇಬೇಕಾದರೆ ಬೇರೆಡೆ ಉಳಿಸಿ, ಟೈರಿಗೆ ಸುರಿಯಿರಿ. ನಿಮಗೆ 700ಸಿ ಚಕ್ರದಲ್ಲಿ 40 ಮಿ.ಮೀ. ಆಸುಪಾಸಿನ, ನಡುವೆ ನಯವಾಗಿದ್ದು ಅಂಚಿನಲ್ಲಿ ಸಣ್ಣ ಗುಬುಟುಗಳಿರುವ ಟೈರ್ ಸರಿಹೋಗುತ್ತದೆ. ಪ್ಯಾನರೇಸರ್ ಗ್ರಾವೆಲ್‌ಕಿಂಗ್, ಶ್ವಾಲ್ಬೆ ಜಿ-ಒನ್ ಈ ಜಾತಿಯವು. 70 ಕೆ.ಜಿ.ಯ ಸವಾರನಿಗೆ 35–40 ಪಿಎಸ್ಐ ಗಾಳಿ ಸಾಕು, ಚೀಲ ಕಟ್ಟಿದಾಗ ಇನ್ನೈದು ಏರಿಸಿ. ಪಂಪಿನ ಅಂಗಡಿಯವರು ಕಲ್ಲಿನಂತೆ ಗಟ್ಟಿ ಮಾಡಿ ಕೊಟ್ಟರೆ ಬೇಡವೆನ್ನಿ. ಉರುಟು ದಾರಿಯಲ್ಲಿ ಗಟ್ಟಿ ಟೈರ್ ವೇಗವನ್ನು ತಿನ್ನುತ್ತದೆ.

ತೋಟದ ದಾರಿಯ ಮುಳ್ಳಿಗೆ ಟ್ಯೂಬ್‌ಲೆಸ್ ಒಳ್ಳೆಯದು. ನಮ್ಮ ಬಿಸಿಲಿಗೆ, ತೂತು ಮುಚ್ಚಲು ಒಳಗೆ ಹಾಕಿದ ಸೀಲೆಂಟ್ ದ್ರವ ಎರಡು ಮೂರು ತಿಂಗಳಲ್ಲೇ ಗಟ್ಟಿಯಾಗಬಹುದು, ನೋಡಿಕೊಂಡು ಮತ್ತೆ ತುಂಬಿಸುತ್ತಿರಬೇಕು. ಅಷ್ಟಾದರೂ ಚೀಲದಲ್ಲಿ ಎರಡು ಟ್ಯೂಬ್ ಇರಲೇಬೇಕು, ಏಕೆಂದರೆ ಹಳ್ಳಿಯ ಅಂಗಡಿಯಲ್ಲಿ ಸಿಗುವ ಟೈರು ಟ್ಯೂಬುಗಳು ಹಳೆಯ ಕರಿ ಸೈಕಲ್ಲಿನ 28×1½ ಅಳತೆಯವು. ಆ ಟೈರ್ ಕೂರುವ ರಿಮ್‌ನ ವ್ಯಾಸ 635 ಮಿ.ಮೀ., ನಿಮ್ಮದು 622. ನೋಟಕ್ಕೆ ಒಂದೇ ಕಂಡರೂ ಕೂರುವುದಿಲ್ಲ. 29 ಅಂಗುಲದ ಎಂಟಿಬಿಯದೂ 622ನೇ ಆದ್ದರಿಂದ ದೊಡ್ಡ ಊರಿನಲ್ಲಿ ಅದರ ಟ್ಯೂಬ್ ಆಪತ್ತಿಗೆ ಒದಗೀತು. ಆದರೆ ವಾಲ್ವ್ ದಪ್ಪದ್ದಾಗಿದ್ದರೆ ತೆಳು ವಾಲ್ವಿನ ರಿಮ್ ತೂತಿನಲ್ಲಿ ಅದು ತೂರುವುದಿಲ್ಲ.

ಚಕ್ರಕ್ಕೆ 32 ಕಡ್ಡಿ, ತುದಿ ಬಾಗಿದ ಸಾಮಾನ್ಯ ಕಡ್ಡಿ, ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಹಿತ್ತಾಳೆ ನಿಪ್ಪಲ್. ರಿಮ್‌ನ ಒಳ ಅಗಲ 21ರಿಂದ 25 ಮಿ.ಮೀ. ಕೈಯಲ್ಲಿ ಹೆಣೆದು ಬಿಗಿ ಸರಿನೋಡಿದ ಚಕ್ರಕ್ಕೆ ಕೊಟ್ಟ ಹಣ ವರ್ಷಗಟ್ಟಲೆ ದುಡಿಯುತ್ತದೆ.

ಈಗ ಗೇರ್. ಹೆಸರಿಗಿಂತ ಮೊದಲು ಅತಿ ಹಗುರದ ಗೇರ್ ಎಷ್ಟು ಎಂದು ನೋಡಿ. ರಸ್ತೆ ಸೈಕಲ್ಲುಗಳಲ್ಲಿ ಬಹುಕಾಲ ಮಾಮೂಲಾಗಿದ್ದ ಅತಿ ಹಗುರದ ಜೋಡಿ ಮುಂದೆ 34 ಹಲ್ಲು, ಹಿಂದೆ 28. 40 ಮಿ.ಮೀ. ಟೈರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 2.65 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಒಂಬತ್ತೂವರೆ ಕಿ.ಮೀ. ನೀವು, ಸೈಕಲ್, ಚೀಲ ಎಲ್ಲ ಸೇರಿ 100 ಕೆ.ಜಿ. ಇದ್ದು ಏರು ಶೇ. 10 ಆಗಿದ್ದರೆ ಆ ವೇಗಕ್ಕೆ ಬರೀ ಗುರುತ್ವಾಕರ್ಷಣೆಯ ವಿರುದ್ಧವೇ ಸುಮಾರು 260 ವ್ಯಾಟ್ ಬೇಕು. ಹವ್ಯಾಸಿಗಳು ಅಷ್ಟನ್ನು ಹೆಚ್ಚು ಹೊತ್ತು ಕೊಡಲಾರರು. ಮುಂದೆ 30, ಹಿಂದೆ 34 ಇದ್ದರೆ ಅದೇ ಲಯದಲ್ಲಿ ಗಂಟೆಗೆ ಏಳು ಕಿ.ಮೀ., ಸುಮಾರು 190 ವ್ಯಾಟ್ ಸಾಕು. ಏರಿನಲ್ಲಿ ಮೊಣಕಾಲು ಉಳಿಯುವುದು ಈ ಅಂತರದಲ್ಲೇ.

ಹಾಗಾಗಿ ನನ್ನ ಆಯ್ಕೆ ಮುಂದೆ 46 ಮತ್ತು 30 ಹಲ್ಲಿನ ಎರಡು ಚಕ್ರ (46/30), ಹಿಂದೆ 11ರಿಂದ 34 ಹಲ್ಲು (11–34), ಹತ್ತು ಅಥವಾ ಹನ್ನೊಂದು ಸ್ಪೀಡ್. ಗ್ರಾವೆಲ್ ಸೈಕಲ್ಲುಗಳಿಗೆಂದು ಶಿಮಾನೊ 2019ರಲ್ಲಿ ತಂದ ಜಿಆರ್‌ಎಕ್ಸ್ ಸರಣಿಯಲ್ಲಿ ಈ 46/30 ಇದೆ. 46/11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 49 ಕಿ.ಮೀ. ಬರುತ್ತದೆ, ಬ್ರೆವೆಗೆ ಅದಕ್ಕಿಂತ ದೊಡ್ಡ ಗೇರ್ ಏಕೆ? 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ, ಊಟ ತಿಂಡಿ ಸೇರಿ ಗಂಟೆಗೆ 15 ಕಿ.ಮೀ. ಕೂಡ ಆಗುವುದಿಲ್ಲ. ಒಂದು ಎಚ್ಚರಿಕೆ: ಜಿಆರ್‌ಎಕ್ಸ್ ಕ್ರ್ಯಾಂಕ್‌ನ ಹಲ್ಲುಚಕ್ರಗಳು ರಸ್ತೆ ಸೈಕಲ್ಲಿನವಕ್ಕಿಂತ 2.5 ಮಿ.ಮೀ. ಹೊರಗಿವೆ. ಮುಂದಿನ ಡಿರೇಲರ್ ಕೂಡ ಜಿಆರ್‌ಎಕ್ಸ್‌ನದೇ ಆಗಿರಲಿ, ಹಳೆಯದನ್ನು ಹೊಂದಿಸಿ ಕೊಡುತ್ತೇವೆಂದರೆ ಒಪ್ಪಬೇಡಿ. ಮುಂದೆ ಒಂದೇ ಹಲ್ಲುಚಕ್ರದ ವ್ಯವಸ್ಥೆ ಕೆಸರಿಗೆ ಸರಳ, ನಿಜ. ಆದರೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ತುಳಿಯುವಾಗ ಗೇರ್‌ಗಳ ನಡುವಿನ ಜಿಗಿತ ಕಾಲಿಗೆ ಗೊತ್ತಾಗುತ್ತದೆ. ನಿಮ್ಮ ಬಳಕೆಯ ಬಹುಪಾಲು ಡಾಂಬರು, ಎರಡೇ ಇರಲಿ.

ಬ್ರೇಕ್ ಡಿಸ್ಕ್ ಆಗಿರಬೇಕು, ಅದರಲ್ಲಿ ಸಂಶಯವಿಲ್ಲ. ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಕಾಡಿನಲ್ಲಿ ಕೆಟ್ಟರೆ ಏನು ಗತಿ ಎಂದು ಕೇಳಿದ್ದೀರಿ. ಆ ಭಯ ಇರುವುದಕ್ಕಿಂತ ದೊಡ್ಡದಾಗಿದೆ. ಮಳೆಗಾಲದಲ್ಲಿ ನಿಜವಾಗಿ ಕೈಕೊಡುವುದು ಪ್ಯಾಡ್. ಮರಳು ಬೆರೆತ ನೀರು ರಾಳದ (ರೆಸಿನ್) ಪ್ಯಾಡನ್ನು ಉದ್ದನೆಯ ಇಳಿಜಾರುಗಳಲ್ಲಿ ಬೇಗ ತಿಂದುಹಾಕುತ್ತದೆ. ಹೈಡ್ರಾಲಿಕ್ ಆ ಸವೆತವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಕೇಬಲ್ ಬ್ರೇಕಾದರೆ ಇಳಿದು ತಿರುಪು ಬಿಗಿಯುತ್ತಿರಬೇಕು. ಮಳೆಗಾಲಕ್ಕೆ ಲೋಹದ ಸಿಂಟರ್ಡ್ ಪ್ಯಾಡ್ ಹಾಕಿಸಿ. ಅದಕ್ಕೂ ಮೊದಲು ರೋಟರ್ (ಬ್ರೇಕಿನ ಡಿಸ್ಕ್) ಮೇಲಿನ ಬರಹ ಓದಿ, ಅಗ್ಗದ ಕೆಲವಕ್ಕೆ ರೆಸಿನ್ ಪ್ಯಾಡ್ ಮಾತ್ರ ಎಂಬ ನಿಬಂಧನೆ ಇರುತ್ತದೆ. ಎರಡೂ ಕಡೆ 160 ಮಿ.ಮೀ. ರೋಟರ್, ಚೀಲದಲ್ಲಿ ಒಂದು ಜೊತೆ ಪ್ಯಾಡ್. ಹಣ ಸಾಲದಿದ್ದರೆ ಎರಡೂ ಬದಿಯ ಪ್ಯಾಡ್ ಒತ್ತುವ ಟಿಆರ್‌ಪಿ ಸ್ಪೈರ್‌ನಂಥ ಕೇಬಲ್ ಬ್ರೇಕ್ ಸಾಕು.

ಬೆಳಕಿಗೆ ಮುಂದಿನ ಚಕ್ರದಲ್ಲಿ 6 ವೋಲ್ಟ್, 3 ವ್ಯಾಟ್‌ನ ಡೈನಮೋ ಹಬ್ (ಚಕ್ರ ತಿರುಗಿದಾಗ ವಿದ್ಯುತ್ ಕೊಡುವ ಗುಂಬ) ಹಾಕಿಸಿ ಎಂದು ಒತ್ತಿ ಹೇಳುತ್ತೇನೆ. ದಿನವೂ ಕಚೇರಿಯಿಂದ ಕತ್ತಲಲ್ಲಿ ಬರುವವರಿಗೆ, ಬ್ರೆವೆಯಲ್ಲಿ ರಾತ್ರಿ ಬೀಳುವವರಿಗೆ ಚಾರ್ಜ್ ಮಾಡುವ ಗೋಜೇ ಇಲ್ಲದ ದೀಪ ಎಷ್ಟು ನೆಮ್ಮದಿ ಎಂದು ಬಳಸಿದರೆ ತಿಳಿಯುತ್ತದೆ. ಚಕ್ರ ಹೆಣೆಸುವ ಮೊದಲೇ ಇದನ್ನು ತೀರ್ಮಾನಿಸಿ.

ಸೀಟು ನಿಮ್ಮ ಕೂರುವ ಮೂಳೆಯ ಅಗಲಕ್ಕೆ ತಕ್ಕದ್ದಾಗಲಿ. ಚರ್ಮದ ಸೀಟು ಮಳೆಗೆ ಕೊರಗುತ್ತದೆ, ರಬ್ಬರಿನ ಬ್ರೂಕ್ಸ್ ಕೇಂಬಿಯಂ ನಮ್ಮ ಹವೆಗೆ ಒಗ್ಗುತ್ತದೆ. ಹ್ಯಾಂಡಲ್ ಕೆಳಗೆ 12–16 ಡಿಗ್ರಿ ಹೊರಚಾಚಿದ್ದರೆ ಕಲ್ಲುದಾರಿಯಲ್ಲಿ ಹಿಡಿತ ಸಿಗುತ್ತದೆ.

ಸೈಕಲ್ ಕಟ್ಟುವ ಮೊದಲು, ಖಾಲಿ ಫ್ರೇಮ್ ಕೈಯಲ್ಲಿರುವಾಗಲೇ, ಕೊಳವೆಗಳ ಒಳಕ್ಕೆ ತುಕ್ಕುನಿರೋಧಕ ಹೊಡೆಸಿ. ಕುದಿಸಿದ ಅಗಸೆ ಎಣ್ಣೆ ಹಳೆಯ ಉಪಾಯ, ಅದು ಒಣಗಿ ಪದರ ಕಟ್ಟುತ್ತದೆ. ತೆಂಗಿನೆಣ್ಣೆ ಹಾಗೆ ಒಣಗುವುದಿಲ್ಲ, ಪ್ರಯೋಜನವಿಲ್ಲ. ಸೀಟ್‌ಪೋಸ್ಟ್‌ಗೆ ಗ್ರೀಸ್ ಹಚ್ಚಿ, ಮಳೆಗಾಲ ಮುಗಿದ ಮೇಲೆ ಅದನ್ನು ಎಳೆದು ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿದರೆ ಒಳಗೆ ನಿಂತ ನೀರು ಬಸಿದುಹೋಗುತ್ತದೆ.

ಅಳತೆಯ ಬಗ್ಗೆ: ನೀವು ಬರೆದ 5 ಅಡಿ 7 ಅಂಗುಲ ಎಂಬ ಎತ್ತರವೊಂದರಿಂದಲೇ ಫ್ರೇಮ್ ಸೈಜ್ ಹೇಳಲಾಗದು. ಈಗಿನ ಸೈಕಲ್ಲಿನ ಸೀಟಿನ ಎತ್ತರ, ಸೀಟಿನ ಮೂತಿಯಿಂದ ಹ್ಯಾಂಡಲ್‌ವರೆಗಿನ ದೂರ, ನಿಮ್ಮ ಒಳಕಾಲಿನ ಉದ್ದ ಅಳೆದು ಬರೆಯಿರಿ. ನೀವು ಹೆಸರಿಸಿದ ಎರಡೂ ಫ್ರೇಮ್‌ಗಳ ಸ್ಟ್ಯಾಕ್ (ಮುಂಬದಿಯ ಎತ್ತರ), ರೀಚ್ (ಮುಂಚಾಚಿನ ಉದ್ದ) ಅಂಕಿಗಳ ಜೊತೆ ಹೋಲಿಸಿ ಯಾವುದು ಹೊಂದುತ್ತದೆ ಎಂದು ತಿಳಿಸುತ್ತೇನೆ.