ಮೂಲಪುರುಷ ಒಬ್ಬನೇ, ಊಟ ಏಕೆ ಬೇರೆ? – ಸಂಪಾದಕರ ಉತ್ತರ

ವಿರಾಜಪೇಟೆಯ ಓದುಗರೊಬ್ಬರ ಪತ್ರ: ಕೊಡವರ ಆಯುಧಪೂಜೆಯ ಹಬ್ಬವಾದ ಕೈಲು ಮುಹೂರ್ತದ ಊಟಕ್ಕೆ ಬಂದ ಕ್ರೈಸ್ತ ಗೆಳೆಯರು ಪಂದಿಕರಿ (ಹಂದಿ ಮಾಂಸದ ಸಾರು) ಬಡಿಸಿಕೊಂಡರು, ಮುಸ್ಲಿಂ ಗೆಳೆಯರು ಮುಟ್ಟಲಿಲ್ಲ. ಯಹೂದಿಗಳೂ ತಿನ್ನುವುದಿಲ್ಲವಂತೆ. ಮೂವರಿಗೂ ಅಬ್ರಹಾಮನೇ ಮೂಲವಾದರೆ ಈ ವ್ಯತ್ಯಾಸವೇಕೆ? ಬಿಸಿಲು ನಾಡಿನಲ್ಲಿ ಹಂದಿ ಮಾಂಸ ಬೇಗ ಕೆಡುವುದೇ ಕಾರಣವೇ?

ಪ್ರಿಯ ಓದುಗರೇ,

ಮಾಂಸ ಕೆಡುವ ಕಾರಣವನ್ನು ಬದಿಗಿಡಿ. ಮೂಲಗ್ರಂಥಗಳಲ್ಲಿ ಆ ಮಾತಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 11ನೆಯ ಅಧ್ಯಾಯ ತಿನ್ನಬಹುದಾದ ಪ್ರಾಣಿಗೆ ಎರಡು ಗುರುತು ಹೇಳುತ್ತದೆ: ಗೊರಸು ಪೂರ್ತಿ ಸೀಳಿರಬೇಕು, ಮೆಲುಕು ಹಾಕಬೇಕು. ಹಂದಿಯ ಗೊರಸು ಸೀಳಿದೆ, ಮೆಲುಕಿಲ್ಲ. ಒಂಟೆ ಮೆಲುಕು ಹಾಕುತ್ತದೆ, ಗೊರಸು ಸೀಳಿಲ್ಲ. ಯಹೂದಿಗಳಿಗೆ ಎರಡೂ ನಿಷಿದ್ಧ. ಇಸ್ಲಾಮಿನಲ್ಲಾದರೋ ಹಂದಿ ಹರಾಂ, ಒಂಟೆ ಹಲಾಲ್. ಹಂದಿಗಿಂತ ಈ ಒಂಟೆಯನ್ನೇ ಗಮನಿಸಬೇಕು ನೀವು.

ಯಹೂದಿಗಳಿಗೆ ದೇವರ ನಿಯಮ ತಂದುಕೊಟ್ಟ ಪ್ರವಾದಿ ಮೋಶೆಯನ್ನು ಮೂರೂ ಧರ್ಮಗಳು ಒಪ್ಪುತ್ತವೆ. ಅವನ ಧರ್ಮಶಾಸ್ತ್ರವನ್ನು ಒಪ್ಪುವ ಬಗೆ ಬೇರೆ. ಯಹೂದಿಗಳಿಗೆ ಅದು ದೇವರು ತಮ್ಮ ಜನರೊಂದಿಗೆ ಮಾಡಿದ ಒಡಂಬಡಿಕೆ, ಊಟವೂ ಅದರ ಪಾಲನೆ. ರಕ್ತ ಉಳಿಯದಂತೆ ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಸವರಿಟ್ಟು, ಮೂರು ಸಲ ತೊಳೆಯುತ್ತಾರೆ. ಆಡುಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ಮೋಶೆಯ ಧರ್ಮಶಾಸ್ತ್ರದ ಗ್ರಂಥವಾದ ತೋರಾದಲ್ಲಿ 3 ಕಡೆ ಬರುತ್ತದೆ. ಮಾಂಸಕ್ಕೂ ಹಾಲಿನ ಪದಾರ್ಥಕ್ಕೂ ಬೇರೆ ಬೇರೆ ಪಾತ್ರೆ ಇಡುವುದು ಅದರಿಂದಲೇ.

ಕ್ರೈಸ್ತರ ದಾರಿ ಕವಲೊಡೆದದ್ದು ಸುಮಾರು ಕ್ರಿ.ಶ. 50ರ ಜೆರುಸಲೇಮ್ ಸಭೆಯಲ್ಲಿ. ಯಹೂದಿಗಳಲ್ಲದವರು ಯೇಸುವನ್ನು ನಂಬಿದರೆ ಸುನ್ನತಿ ಮಾಡಿಸಿಕೊಂಡು ಮೋಶೆಯ ವಿಧಿಗಳನ್ನೂ ಪಾಲಿಸಬೇಕೇ ಎಂದು ವಾದ ಎದ್ದಿತ್ತು. ಬೇಡ, ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಜಾರತ್ವ ಇವಿಷ್ಟನ್ನು ಬಿಟ್ಟರೆ ಸಾಕು ಎಂದು ತೀರ್ಮಾನವಾಯಿತು. ಧರ್ಮಶಾಸ್ತ್ರ ಕ್ರಿಸ್ತನಲ್ಲಿ ನೆರವೇರಿತು ಎಂಬ ಬೋಧನೆ ಇದರ ಹಿಂದಿದೆ. ಹಾಗೆಂದು ಕ್ರೈಸ್ತರೆಲ್ಲ ಹಂದಿ ತಿನ್ನುತ್ತಾರೆಂದಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯಲ್ಲಿ ಇಂದಿಗೂ ಅದು ವರ್ಜ್ಯ.

ಇನ್ನು ಇಸ್ಲಾಂ. ಪ್ರವಾದಿ ಮುಹಮ್ಮದರು 622ರಲ್ಲಿ ಮೆಕ್ಕಾದಿಂದ ಮದೀನಾಕ್ಕೆ ಬಂದಾಗ ಅಲ್ಲಿ ಯಹೂದಿ ಕುಲಗಳಿದ್ದವು. ಅವರ ನಿಯಮವನ್ನೇ ಇಸ್ಲಾಂ ಎತ್ತಿಕೊಂಡಿತು ಎನ್ನುವವರಿದ್ದಾರೆ. ಹಾಗಾಗಿದ್ದರೆ ಒಂಟೆಯೂ ಹರಾಂ ಆಗಬೇಕಿತ್ತು. ಕುರ್‌ಆನಿನ 3ನೆಯ ಅಧ್ಯಾಯದ ನಿಲುವು ಹೀಗೆ: ಇಬ್ರಾಹೀಮರು (ಅಬ್ರಹಾಮ) ಯಹೂದಿಯೂ ಅಲ್ಲ, ಕ್ರೈಸ್ತರೂ ಅಲ್ಲ; ತೋರಾ ಇಳಿಯುವ ಮೊದಲು, ಅವರ ಮೊಮ್ಮಗ ಯಾಕೂಬರು ತಾವಾಗಿ ಬಿಟ್ಟದ್ದರ ಹೊರತು, ಎಲ್ಲ ಆಹಾರವೂ ಇಸ್ರಾಯೇಲರಿಗೆ ಸಮ್ಮತವಾಗಿತ್ತು. ಮೋಶೆಗಿಂತ ಹಿಂದಿನ ಇಬ್ರಾಹೀಮರ ಮಾರ್ಗಕ್ಕೆ ಮರಳುವುದು ಇಸ್ಲಾಮಿನ ಆಶಯ. ಆದರೂ ಕುರ್‌ಆನಿನಲ್ಲಿ ತಾನಾಗಿ ಸತ್ತ ಪ್ರಾಣಿ, ರಕ್ತ, ಹಂದಿ ಮಾಂಸ, ಅಲ್ಲಾಹನಲ್ಲದವರಿಗೆ ಅರ್ಪಿಸಿದ್ದು, ಕುತ್ತಿಗೆ ಹಿಸುಕಿ ಸತ್ತದ್ದು ನಿಷಿದ್ಧ. ಗತ್ಯಂತರವಿಲ್ಲದೆ ತಿಂದವನಿಗೆ ಪಾಪವಿಲ್ಲ. ಜೆರುಸಲೇಮ್ ಸಭೆಯ ಪಟ್ಟಿಯೊಡನೆ ಇದನ್ನು ಹೋಲಿಸಿ: ಊಟಕ್ಕೆ ಸಂಬಂಧಿಸಿದ ಮೂರೂ ಇಲ್ಲಿವೆ.

ಒಂದು ಅಡುಗೆಮನೆಯ ಮಾತು. ಕೊಡಗಿನ ಮಾಪಿಳ್ಳೆ ಮುಸ್ಲಿಮರು ಸಾಮಾನ್ಯವಾಗಿ ಶಾಫಿ ಪದ್ಧತಿಯವರು (ಇಸ್ಲಾಮಿ ಧರ್ಮನಿಯಮದ ಒಂದು ಪದ್ಧತಿ). ಆ ಪದ್ಧತಿಯಲ್ಲಿ ಹಂದಿ ಮಾಂಸ ತಾಗಿದ ಪಾತ್ರೆಯನ್ನು 7 ಸಲ, ಅದರಲ್ಲೊಮ್ಮೆ ಮಣ್ಣು ಬೆರೆಸಿದ ನೀರಿನಿಂದ, ತೊಳೆಯಬೇಕು. ಪಂದಿಕರಿಯ ಸೌಟನ್ನೇ ಕೋಳಿ ಸಾರಿಗೂ ಹಾಕಿದರೆ ಅವರಿಗೆ ಅದೂ ತಪ್ಪಿಹೋಯಿತು. ಕೋಳಿಯನ್ನು ಹಲಾಲ್ ಅಂಗಡಿಯಿಂದ ತಂದು, ಹಂದಿ ತಾಗದ ಪಾತ್ರೆಯಲ್ಲಿ ಬೇಯಿಸಿ, ಬೇರೆ ಸೌಟಿನಲ್ಲಿ ಬಡಿಸಿ. ಹಾಗೆ ಮಾಡಿದ್ದೇವೆಂದು ಊಟಕ್ಕೆ ಕೂರುವ ಮೊದಲೇ ಅವರಿಗೆ ತಿಳಿಸಿ.